ಸಂಭೂಯಸಮುತ್ಥಾನವೂ ಸಮಯಧರ್ಮವೂ: ಪ್ರಾಚೀನ ವರ್ತಕಸಂಘಗಳ ಸ್ವರೂಪವಿಚಾರ

೧

ನಮ್ಮ ದೇಶದ ಪ್ರಾಚೀನ ವರ್ತಕಸಂಘಗಳ ವಿಷಯದಲ್ಲಿ ವಿದ್ವಾಂಸರೊಳಗೆ ಬಹುಕಾಲದಿಂದ ಎರಡು ಅಭಿಪ್ರಾಯಗಳಿರುತ್ತವೆ. ರಮೇಶಚಂದ್ರ ಮಜುಮ್ದಾರರು ಪ್ರಾಚೀನ ಭಾರತದ ಸಂಘಜೀವನವನ್ನು ಕುರಿತ ತಮ್ಮ ಗ್ರಂಥವನ್ನು ೧೯೧೮ರಲ್ಲಿ ಪ್ರಕಟಿಸಿದ ತರುವಾಯ ಶ್ರೇಣಿ, ಪೂಗ, ನಿಗಮ ಮುಂತಾದ ಸಂಸ್ಥೆಗಳ ಕಡೆಗೆ ಎಲ್ಲರ ಗಮನವೂ ಹರಿಯಿತು. ಅಂದಿನಿಂದ ಕೆಲವರು, ಇಂದಿನ ಕೂಡುಬಂಡವಾಳದ ಕಂಪೆನಿಗಳಲ್ಲಿ ಕಾಣುವುದೆಲ್ಲವೂ ನಮ್ಮ ಪೂರ್ವಿಕರಲ್ಲಿ ಇದ್ದೇ ಇದ್ದಿತೆಂದು ಹೇಳುತ್ತ ಬಂದಿರುವರು. ಮತ್ತೆ ಕೆಲವರು, ಆ ಸಂಘಗಳು ಕುಲ ಜಾತಿಗಳ ಕೂಟಗಳೇ ಹೊರತು ವ್ಯವಹಾರಶಾಸ್ತ್ರದ ದೃಷ್ಟಿಯಿಂದ ಅವುಗಳಿಗೆ ಯಾವ ಆಕಾರವೂ ಇರಲಿಲ್ಲವೆಂದು ವಾದಿಸುವರು. ನಮ್ಮ ಶಾಸನಗಳಲ್ಲಿ ಬರುವ ‘ಅಯ್ಯಾವೊಳೆಯ ಐನೂರ್ವರು’ ಎಂಬ ಪ್ರಸಿದ್ಧ ಸಂಘವನ್ನು ಈ ಎರಡು ಪಕ್ಷದವರೂ ತಮ್ಮ ತಮ್ಮ ಕಡೆಗೆ ಸಾಕ್ಷಿಯಾಗಿ ಕರೆಯುತ್ತಾರೆ.

ಈ ವಾದವು ಕೇವಲ ಹೆಸರಿನ ವಾದವಲ್ಲ. ನಾಲ್ಕಾರು ಮಂದಿ ತಮ್ಮ ಹಣವನ್ನು ಕೂಡಿಸಿ ಒಂದು ವ್ಯಾಪಾರವನ್ನು ಹೂಡಿದಾಗ, ಅವರೊಳಗೆ ಹುಟ್ಟುವ ಹಕ್ಕುಬಾಧ್ಯತೆಗಳನ್ನು ಯಾರು ಗೊತ್ತುಮಾಡಬೇಕು? ಒಬ್ಬನು ಸತ್ತರೆ ಅಥವಾ ಮೋಸಮಾಡಿದರೆ ಆ ಕೂಟದ ಗತಿಯೇನು? ಅದರ ಸಾಲಕ್ಕೆ ಹೊಣೆ ಯಾರು? ರಾಜನು ಅದರಲ್ಲಿ ಎಷ್ಟರಮಟ್ಟಿಗೆ ಕೈಹಾಕಬಹುದು? ಇವು ಎಲ್ಲ ಕಾಲದಲ್ಲಿಯೂ ಏಳುವ ಪ್ರಶ್ನೆಗಳು. ಇವುಗಳಿಗೆ ನಮ್ಮ ಸ್ಮೃತಿಕಾರರೂ ಶಾಸನಗಳೂ ಕೊಡುವ ಉತ್ತರಗಳನ್ನು ಬೇರೆಬೇರೆಯಾಗಿ ವಿಂಗಡಿಸಿ ನೋಡಿದರೆ, ಮೇಲ್ಕಂಡ ಎರಡು ಪಕ್ಷಗಳೂ ಒಂದೇ ತಪ್ಪಿನಿಂದ ಹುಟ್ಟಿದುವೆಂದು ತೋರುವುದು. ಸ್ಮೃತಿಗಳು ಎರಡು ಪ್ರತ್ಯೇಕ ವ್ಯವಹಾರಪದಗಳಲ್ಲಿ ಹೇಳಿದ ಎರಡು ಬಗೆಯ ಕೂಟಗಳನ್ನು ಎರಡು ಪಕ್ಷದವರೂ ಒಂದಾಗಿ ಬೆರೆಸಿರುವರು. ಮೊದಲನೆಯದು ಸಂಭೂಯಸಮುತ್ಥಾನ, ಎರಡನೆಯದು ಸಂವಿದ್ವ್ಯತಿಕ್ರಮ ಅಥವಾ ಸಮಯಧರ್ಮ. ಇವೆರಡರ ಭೇದವನ್ನು ತೋರಿಸಿ, ಆ ಭೇದದ ಬೆಳಕಿನಲ್ಲಿ ಕನ್ನಡ ಶಾಸನಗಳನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

೨

ಈ ವಿಚಾರಕ್ಕೆ ನಮಗೆ ಅತ್ಯಂತ ಸಮೀಪವಾದ ಪ್ರಮಾಣಗ್ರಂಥವು ವಿಜ್ಞಾನೇಶ್ವರನ ಮಿತಾಕ್ಷರೆ. ಯಾಜ್ಞವಲ್ಕ್ಯಸ್ಮೃತಿಯ ಮೇಲಿನ ಈ ವ್ಯಾಖ್ಯಾನವು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಕಾಲದಲ್ಲಿ, ಅವನ ರಾಜಧಾನಿಯಾದ ಕಲ್ಯಾಣದಲ್ಲಿ ಹುಟ್ಟಿತು. ಐನೂರ್ವರ ಶಾಸನಗಳು ಹೇರಳವಾಗಿ ದೊರೆಯುವುದೂ ಅದೇ ಶತಮಾನದಲ್ಲಿ, ಅದೇ ರಾಜ್ಯದಲ್ಲಿ. ಆದುದರಿಂದ ವಿಜ್ಞಾನೇಶ್ವರನು ವರ್ತಕರ ವಿಷಯದಲ್ಲಿ ಬರೆದ ಮಾತುಗಳನ್ನು ಬರಿಯ ಶಾಸ್ತ್ರವೆಂದು ತಳ್ಳಿಹಾಕಲಾಗದು. ಅವನು ಶ್ರೇಣಿ ಎಂಬ ಪದಕ್ಕೆ ಉದಾಹರಣೆ ಕೊಡುವಾಗ ಕುದುರೆಯ ವ್ಯಾಪಾರಿಗಳನ್ನೂ, ಎಲೆ ಮಾರುವವರನ್ನೂ, ನೇಯ್ಗೆಯವರನ್ನೂ, ಚರ್ಮದ ಕೆಲಸದವರನ್ನೂ ಹೆಸರಿಸುತ್ತಾನೆ. ಇವರೆಲ್ಲರೂ ರಾಜಧಾನಿಯ ಪೇಟೆಯಲ್ಲಿ ದಿನವೂ ಕಾಣಸಿಗುವ ಜನರು.

ಸಂಭೂಯಸಮುತ್ಥಾನವೆಂದರೆ ಲಾಭಕ್ಕಾಗಿ ಹಲವರು ಕೂಡಿ ನಡೆಸುವ ವ್ಯಾಪಾರ. ಅದರ ಮೊದಲನೆಯ ನಿಯಮವು ಸರಳವಾದುದು. ಯಾರು ಎಷ್ಟು ದ್ರವ್ಯವನ್ನು ಹಾಕಿದರೋ ಅದಕ್ಕೆ ಅನುಸಾರವಾಗಿ, ಅಥವಾ ಮೊದಲೇ ಮಾಡಿಕೊಂಡ ಒಪ್ಪಂದಕ್ಕೆ ಅನುಸಾರವಾಗಿ, ಲಾಭನಷ್ಟಗಳು ಹಂಚಿಕೆಯಾಗಬೇಕು. ಉಳಿದವರು ಬೇಡವೆಂದುದನ್ನು ಮಾಡಿ, ಅಥವಾ ಅವರ ಒಪ್ಪಿಗೆಯಿಲ್ಲದೆ, ಅಥವಾ ಅಜಾಗರೂಕತೆಯಿಂದ ಒಬ್ಬನು ಸರಕನ್ನು ಕೆಡಿಸಿದರೆ ಅದನ್ನು ಅವನೇ ತುಂಬಿಕೊಡಬೇಕು. ಕಳ್ಳಕಾಕರು, ರಾಜೋಪದ್ರವ ಮೊದಲಾದ ವಿಪತ್ತುಗಳಿಂದ ಸರಕನ್ನು ಉಳಿಸಿದವನಿಗೆ ಹತ್ತನೆಯ ಒಂದು ಪಾಲು ಹೆಚ್ಚಾಗಿ ಸಲ್ಲಬೇಕು. ಕಪಟಿಯಾದವನನ್ನು ಲಾಭವಿಲ್ಲದಂತೆ ಮಾಡಿ ಕೂಟದಿಂದ ಹೊರಹಾಕಬಹುದು. ಕೆಲಸಮಾಡಲು ಅಶಕ್ತನಾದವನು ತನ್ನ ಪರವಾಗಿ ಇನ್ನೊಬ್ಬನಿಂದ ಮಾಡಿಸಬಹುದು. ಪಾಲುದಾರನೊಬ್ಬನು ಪರದೇಶದಲ್ಲಿ ಮೃತನಾದರೆ ಅವನ ದ್ರವ್ಯವು ಮಕ್ಕಳಿಗೆ, ಬಂಧುಗಳಿಗೆ, ಜ್ಞಾತಿಗಳಿಗೆ, ಅಥವಾ ಅವನೊಡನೆ ಹೋಗಿ ಹಿಂದಿರುಗಿ ಬಂದ ಜೊತೆಗಾರರಿಗೆ ಸೇರಬೇಕು. ಇವರಾರೂ ಇಲ್ಲದಿದ್ದರೆ ಮಾತ್ರ ಅದು ರಾಜನಿಗೆ.

ಪಾಲುದಾರಿಕೆಯನ್ನು ಕಟ್ಟುವ ಮೊದಲು ಮಾಡಬೇಕಾದ ಎಚ್ಚರಿಕೆಯನ್ನು ಬೃಹಸ್ಪತಿಯು ವಿಸ್ತಾರವಾಗಿ ಹೇಳುತ್ತಾನೆ. ಅವನ ಸ್ಮೃತಿಯು ಇಂದು ನಿಬಂಧಗ್ರಂಥಗಳಲ್ಲಿ ಉದ್ಧೃತವಾದಷ್ಟು ಮಾತ್ರ ಉಳಿದಿದ್ದರೂ, ಈ ಪ್ರಕರಣದಲ್ಲಿ ಅವನ ಮಾತಿಗೆ ಬೆಲೆ ಹೆಚ್ಚು. ಅಶಕ್ತರು, ಸೋಮಾರಿಗಳು, ರೋಗಿಗಳು ಮೊದಲಾದವರೊಡನೆ ಕೂಡಿ ವ್ಯಾಪಾರ ಮಾಡಬಾರದೆಂದೂ, ಸತ್ಕುಲದವನೂ ದಕ್ಷನೂ ನಾಣ್ಯಪರೀಕ್ಷೆಯನ್ನೂ ಆಯವ್ಯಯವನ್ನೂ ಬಲ್ಲವನೂ ಆದವನೊಡನೆ ಕೂಡಬೇಕೆಂದೂ ಅವನ ಅಭಿಪ್ರಾಯ.

ಇಷ್ಟು ನಿಯಮಗಳಲ್ಲಿ ಆ ಕೂಟವನ್ನು ಒಬ್ಬ ವ್ಯಕ್ತಿಯಂತೆ ಭಾವಿಸಿ ಹೇಳಿದ ಮಾತು ಒಂದೂ ಇಲ್ಲವೆಂಬುದನ್ನು ಗಮನಿಸತಕ್ಕದ್ದು. ಹೇಳಿರುವುದೆಲ್ಲವೂ ಪಾಲುದಾರರ ಪರಸ್ಪರ ಸಂಬಂಧವನ್ನು ಕುರಿತುದು. ಒಂದು ಪ್ರಯಾಣವೋ ಒಂದು ಸರಕೋ ಮುಗಿದರೆ ಲೆಕ್ಕವನ್ನು ತೀರಿಸಿ ಅವರು ಬೇರೆಯಾಗಬಹುದು. ಹೊಣೆಗೆ ಮಿತಿಯೂ ಇರಲಿಲ್ಲ. ತಂದೆಯ ಸಾಲವನ್ನು ಮಗನು ತೀರಿಸಬೇಕೆಂಬುದು ಧರ್ಮವೇ ಆಗಿದ್ದ ಸಮಾಜದಲ್ಲಿ, ಹಾಕಿದ ಬಂಡವಾಳದಷ್ಟಕ್ಕೇ ಹೊಣೆಯು ನಿಲ್ಲುವುದೆಂಬ ಭಾವನೆಗೆ ಅವಕಾಶವಿರಲಿಲ್ಲ.

ಈ ವ್ಯಾಪಾರದಲ್ಲಿ ರಾಜನ ಕೈ ಎಲ್ಲಿ? ಬೆಲೆಯನ್ನು ನಿರ್ಣಯಿಸುವುದಕ್ಕಾಗಿ ಇಪ್ಪತ್ತರಲ್ಲಿ ಒಂದು ಭಾಗವನ್ನು ಅವನು ಸುಂಕವಾಗಿ ತೆಗೆದುಕೊಳ್ಳಬಹುದು. ಸರಕಿನ ಪರಿಮಾಣವನ್ನು ಸುಳ್ಳಾಗಿ ಹೇಳಿದವನಿಗೂ, ಸುಂಕದ ಕಟ್ಟೆಯನ್ನು ತಪ್ಪಿಸಿ ಹೋದವನಿಗೂ ಎಂಟು ಪಾಲು ದಂಡ. ತಕ್ಷಣವೇ ಕೊಂಡು ಮಾರುವವನಿಗೆ ಸ್ವದೇಶದ ಸರಕಿನಲ್ಲಿ ನೂರಕ್ಕೆ ಐದು, ಪರದೇಶದ ಸರಕಿನಲ್ಲಿ ನೂರಕ್ಕೆ ಹತ್ತು ಲಾಭವೆಂದು ಯಾಜ್ಞವಲ್ಕ್ಯನು ಗೊತ್ತುಮಾಡಿರುವನು. ವರ್ತಕರು ಒಟ್ಟುಗೂಡಿ ಸರಕನ್ನು ತಡೆಹಿಡಿದು ಬೆಲೆಯನ್ನು ಕೆಡಿಸಿದರೆ ಅವರಿಗೆ ಉತ್ತಮಸಾಹಸದ ದಂಡ. ಎಂದರೆ ಕೂಡಿ ವ್ಯಾಪಾರಮಾಡುವುದಕ್ಕೆ ರಾಜನ ಅಪ್ಪಣೆ ಬೇಕಿರಲಿಲ್ಲ. ಕೂಡಿ ಪ್ರಜೆಯನ್ನು ಪೀಡಿಸುವುದಕ್ಕೆ ಮಾತ್ರ ತಡೆಯಿದ್ದಿತು.

೩

ಸಮಯಧರ್ಮದ ಪ್ರಕರಣಕ್ಕೆ ಬಂದರೆ ಚಿತ್ರವೇ ಬೇರೆಯಾಗುವುದು. ಇಲ್ಲಿ ‘ಸಮಯ’ವೆಂದರೆ ಕಾಲವಲ್ಲ, ಒಂದು ಸಮೂಹದವರು ಒಮ್ಮತದಿಂದ ಮಾಡಿಕೊಂಡ ಕಟ್ಟು. ಅದೇ ಪದವು ಮುಂದೆ ಆ ಕಟ್ಟಿಗೆ ಒಳಗಾದ ಸಮೂಹಕ್ಕೂ, ಬಳಿಕ ಮತಪಂಥಗಳಿಗೂ ಸಂದಿತು. ಕನ್ನಡ ಶಾಸನಗಳನ್ನು ಓದುವಾಗ ಈ ಅರ್ಥಪರಂಪರೆಯನ್ನು ಮರೆತರೆ ಪ್ರಮಾದವುಂಟಾಗುವುದು.

ಯಾಜ್ಞವಲ್ಕ್ಯನ ಮತದಂತೆ, ಸ್ವಧರ್ಮಕ್ಕೆ ವಿರೋಧವಲ್ಲದ ಸಮಯಧರ್ಮವನ್ನೂ ರಾಜನು ವಿಧಿಸಿದ ಧರ್ಮವನ್ನೂ ಒಂದೇ ರೀತಿಯಾಗಿ ಪ್ರಯತ್ನಪೂರ್ವಕ ಕಾಪಾಡಬೇಕು. ವಿಜ್ಞಾನೇಶ್ವರನು ಇದಕ್ಕೆ ಕೊಡುವ ಉದಾಹರಣೆಗಳು ಬಹು ಸ್ವಾರಸ್ಯವಾಗಿವೆ. ಗೋಮಾಳವನ್ನೂ ನೀರನ್ನೂ ರಕ್ಷಿಸುವುದು, ದೇವಾಲಯವನ್ನು ಪಾಲಿಸುವುದು ಮೊದಲಾದುವು ಸಮೂಹವು ತಾನೇ ಮಾಡಿಕೊಂಡ ಧರ್ಮ. ದಾರಿಗರಿಗೆ ಅನ್ನವಿಡಬೇಕು, ಶತ್ರುಮಂಡಲಕ್ಕೆ ಕುದುರೆ ಮೊದಲಾದುವನ್ನು ಕಳುಹಿಸಬಾರದು ಎಂಬುವು ರಾಜನು ವಿಧಿಸಿದ ಧರ್ಮ. ಈ ಕಡೆಯ ಉದಾಹರಣೆಯು ಚೋಳರೊಡನೆ ಪದೇ ಪದೇ ಯುದ್ಧದಲ್ಲಿದ್ದ ಚಾಲುಕ್ಯರ ರಾಜಧಾನಿಯಲ್ಲಿ ಬರೆದುದೆಂಬುದನ್ನು ನೆನೆದರೆ, ವರ್ತಕರ ಸ್ವಾತಂತ್ರ್ಯಕ್ಕೆ ರಾಜ್ಯವು ಹಾಕುತ್ತಿದ್ದ ಗಡಿ ಯಾವುದೆಂಬುದು ವಿದಿತವಾಗುವುದು.

ಸಂಘವನ್ನು ನಡೆಸಿಕೊಂಡು ಹೋಗುವ ಕ್ರಮವೂ ಇಲ್ಲಿ ಹೇಳಲ್ಪಟ್ಟಿದೆ. ಸಂಘದ ಕಾರ್ಯಚಿಂತಕರು ಧರ್ಮಜ್ಞರೂ ಶುಚಿಗಳೂ ಲೋಭವಿಲ್ಲದವರೂ ಆಗಿರಬೇಕು, ಸಮೂಹದ ಹಿತವನ್ನು ಹೇಳುವ ಅಂತಹವರ ಮಾತನ್ನು ಎಲ್ಲರೂ ನಡೆಸಬೇಕು, ಎದುರಾದವನಿಗೆ ದಂಡ. ಅಂತಹ ಹಿತಚಿಂತಕರು ಇಬ್ಬರೋ ಮೂವರೋ ಐವರೋ ಇರಬೇಕೆಂದು ಬೃಹಸ್ಪತಿಯು ಸಂಖ್ಯೆಯನ್ನೂ ಹೇಳುತ್ತಾನೆ. ಸಮೂಹವನ್ನು ಕಟ್ಟುವವರು ಕೋಶದಿವ್ಯದಿಂದಲೋ, ಲೇಖ್ಯಪತ್ರದಿಂದಲೋ, ಮಧ್ಯಸ್ಥರಿಂದಲೋ ಒಬ್ಬರಲ್ಲೊಬ್ಬರು ನಂಬಿಕೆಯನ್ನು ಸ್ಥಾಪಿಸಿಕೊಂಡ ಬಳಿಕವೇ ಕಾರ್ಯಕ್ಕೆ ತೊಡಗಬೇಕೆಂಬುದೂ ಅವನ ವಚನವೇ. ಸಂಘದ ಕಾರ್ಯಕ್ಕಾಗಿ ಹೋದವನಿಗೆ ದೊರೆತುದನ್ನು ಅವನು ಸಂಘಕ್ಕೆ ತಂದೊಪ್ಪಿಸಬೇಕು. ತಾನಾಗಿ ಒಪ್ಪಿಸದಿದ್ದರೆ ಹನ್ನೊಂದರಷ್ಟನ್ನು ಅವನಿಂದ ಕೊಡಿಸಬೇಕು. ಗಣದ್ರವ್ಯವನ್ನು ಅಪಹರಿಸಿದವನನ್ನೂ ಸಂವಿತ್ತನ್ನು ಮುರಿದವನನ್ನೂ ಸರ್ವಸ್ವವನ್ನು ಕಿತ್ತುಕೊಂಡು ನಾಡಿನಿಂದ ಹೊರಡಿಸಬೇಕು. ಸಂಘಗಳು ಸಭೆ ಸೇರುವ ಕ್ರಮವನ್ನೂ ಅವುಗಳ ಜೀವನೋಪಾಯವನ್ನೂ ರಾಜನು ಅನುಮೋದಿಸಬೇಕೆಂದು ನಾರದನು ಹೇಳಿ, ಅದರ ಜೊತೆಯಲ್ಲಿಯೇ ರಾಜನಿಗೆ ಪ್ರತಿಕೂಲವಾದುದನ್ನೂ ಅಹಿತಕ್ಕಾಗಿ ಶಸ್ತ್ರಧಾರಣ ಮಾಡುವುದನ್ನೂ ತಡೆಯಬೇಕೆಂದು ವಿಧಿಸುತ್ತಾನೆ.

ಎಲ್ಲಕ್ಕಿಂತ ಮುಖ್ಯವಾದ ವಚನಗಳು ಕಾತ್ಯಾಯನನವು. ಗಣದ ಹೆಸರಿನಲ್ಲಿ ಸಾಲಮಾಡಿ ತಾವೇ ತಿಂದವರು, ಅಥವಾ ತಮ್ಮ ಕೆಲಸಕ್ಕೆ ಉಪಯೋಗಿಸಿಕೊಂಡವರು, ಅದನ್ನು ತಾವೇ ತೀರಿಸಬೇಕೆಂದು ಅವನು ಹೇಳುತ್ತಾನೆ. ಇದರ ಅರ್ಥಾಪತ್ತಿಯಿಂದ, ಗಣಕ್ಕಾಗಿಯೇ ಮಾಡಿದ ಸಾಲವು ಗಣದ್ದೆಂದು ಸಿದ್ಧಿಸುವುದು. ಅಲ್ಲದೆ, ಗಣದೊಳಕ್ಕೆ ಹೊಸದಾಗಿ ಬಂದವರೂ ಅದರ ಹಿಂದಣ ಧನಕ್ಕೂ ಋಣಕ್ಕೂ ಸಮಭಾಗಿಗಳೆಂದು ಅವನ ಮತ. ಜನರು ಬದಲಾದರೂ ಹಳೆಯ ಆಸ್ತಿಯೂ ಹಳೆಯ ಸಾಲವೂ ಹಾಗೆಯೇ ಉಳಿಯುವುವೆಂದ ಮೇಲೆ, ಆ ಜನರಿಗಿಂತ ಬೇರೆಯಾದ ಒಂದು ನಿತ್ಯಸಂಸ್ಥೆಯ ಭಾವನೆಯು ಸ್ಮೃತಿಕಾರರಿಗೆ ಇದ್ದಿತೆಂದು ಒಪ್ಪಲೇಬೇಕಾಗುವುದು.

ಇದು ಬರಿಯ ಶಾಸ್ತ್ರವಾಗಿರಲಿಲ್ಲವೆಂಬುದಕ್ಕೆ ಉತ್ತರದೇಶದ ಶಾಸನಗಳೇ ಸಾಕ್ಷಿ. ನಾಸಿಕದ ಗುಹಾಶಾಸನದಲ್ಲಿ ಉಷವದಾತನು ೩೦೦೦ ಕಹಾಪಣಗಳನ್ನು ಗೋವರ್ಧನದ ನೇಯ್ಗೆಯವರ ಎರಡು ಶ್ರೇಣಿಗಳಲ್ಲಿ ಶಾಶ್ವತವಾಗಿ ಇಟ್ಟು, ೨೦೦೦ಕ್ಕೆ ತಿಂಗಳಿಗೆ ನೂರಕ್ಕೆ ಒಂದರಂತೆಯೂ ೧೦೦೦ಕ್ಕೆ ಮುಕ್ಕಾಲರಂತೆಯೂ ಬಡ್ಡಿಯನ್ನು ಗೊತ್ತುಮಾಡಿ, ಅದನ್ನು ನಿಗಮಸಭೆಯಲ್ಲಿ ಸಾರಿ ಹಲಗೆಯ ಮೇಲೆ ಬರೆಯಿಸಿದನು. ಸ್ಕಂದಗುಪ್ತನ ಕಾಲದ ಇಂದೋರ್ ತಾಮ್ರಪಟದಲ್ಲಿ (೪೬೫–೬೬) ಇಂದ್ರಪುರದ ಎಣ್ಣೆಗಾರರ ಶ್ರೇಣಿಗೆ ಸೂರ್ಯದೇವಾಲಯದ ದೀಪಕ್ಕಾಗಿ ದತ್ತಿಯನ್ನು ಒಪ್ಪಿಸಿದೆ. ಆ ಶ್ರೇಣಿಯು ಊರನ್ನು ಬಿಟ್ಟು ಬೇರೆಡೆಗೆ ಹೋದರೂ, ಒಗ್ಗಟ್ಟಾಗಿರುವವರೆಗೆ ಆ ಹೊಣೆಯು ಅದರದೇ ಎಂದು ಅಲ್ಲಿ ಸ್ಪಷ್ಟವಾಗಿ ಹೇಳಿದೆ. ನೆಲವು ಬದಲಾದರೂ ಜನರು ಬದಲಾದರೂ ಅಳಿಯದುದು, ಒಗ್ಗಟ್ಟು ಮುರಿದರೆ ಮಾತ್ರ ಅಳಿಯುವುದು ಎಂಬುದಕ್ಕಿಂತ ಹೆಚ್ಚಾಗಿ ಸಂಸ್ಥೆಯ ಲಕ್ಷಣವನ್ನು ಹೇಳುವುದು ಕಷ್ಟ.

೪

ಈಗ ಕನ್ನಡನಾಡಿನ ಶಾಸನಗಳಿಗೆ ಬರೋಣ. ಇವುಗಳಲ್ಲಿ ಮೊದಲು ಸ್ಮರಿಸಬೇಕಾದುದು ಗದಗ ಜಿಲ್ಲೆಯ ಲಕ್ಷ್ಮೇಶ್ವರದ, ಎಂದರೆ ಹಿಂದಿನ ಪುಲಿಗೆರೆಯ, ಸುಮಾರು ೭೨೫ರ ಕನ್ನಡ ಶಾಸನ. ಬಾದಾಮಿ ಚಾಲುಕ್ಯ ವಿಜಯಾದಿತ್ಯನ ಆಳಿಕೆಯಲ್ಲಿ ಯುವರಾಜ ವಿಕ್ರಮಾದಿತ್ಯನು ಆ ಊರಿನ ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ ಒಂದು ಆಚಾರವ್ಯವಸ್ಥೆಯನ್ನು ಕೊಟ್ಟುದನ್ನು ಇದು ತಿಳಿಸುತ್ತದೆ. ರಾಜಪುರುಷರು ಊರಿನ ಹಿಂದಣ ಅನುಭೋಗಗಳನ್ನೂ ದತ್ತಿಗಳನ್ನೂ ಮರ್ಯಾದೆಗಳನ್ನೂ ಕಾಪಾಡಬೇಕೆಂದೂ, ಒಕ್ಕಲುಗಳು ತಮ್ಮ ತಮ್ಮ ಅಂತಸ್ತಿಗೆ ತಕ್ಕಂತೆ ತೆರಬೇಕಾದುದು ಇಷ್ಟೆಂದೂ, ಕೆಲವು ಆದಾಯಗಳು ಶ್ರೇಣಿಗೆ ಸಲ್ಲಬೇಕೆಂದೂ ಇದರಲ್ಲಿ ಕಟ್ಟುಮಾಡಿದೆ. ಇಲ್ಲಿ ‘ನಗರ’ವೆಂಬುದು ಊರಿನ ವರ್ತಕಸಮೂಹ, ಮುಂದಿನ ಶಾಸನಗಳಲ್ಲಿ ‘ನಕರ’ವೆಂದು ಬರುವುದೂ ಇದೇ. ಅರಸನು ಹೊಸದೊಂದು ಸಂಘವನ್ನು ಇಲ್ಲಿ ಸೃಷ್ಟಿಸಲಿಲ್ಲ. ಇದ್ದ ಸಂಘಗಳ ಆಚಾರವನ್ನು ಬರೆಯಿಸಿ, ತನ್ನ ಅಧಿಕಾರಿಗಳ ಕೈಗೂ ಆ ಸಂಘಗಳ ಕೈಗೂ ಎಲ್ಲೆಯನ್ನು ಹಾಕಿದನು. ಯಾಜ್ಞವಲ್ಕ್ಯನು ವಿಧಿಸಿದ ರಾಜಕರ್ತವ್ಯಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ನಮ್ಮ ನಾಡಿನಲ್ಲಿ ದೊರೆಯದು.

ಇನ್ನು ಐನೂರ್ವರು. ಬಾಗಲಕೋಟೆ ಜಿಲ್ಲೆಯ ಐಹೊಳೆಯೇ ಇವರ ಮೂಲಸ್ಥಾನವಾದ ಅಯ್ಯಾವೊಳೆ. ಶಿಕಾರಿಪುರ ತಾಲ್ಲೂಕಿನಲ್ಲಿ ದೊರೆತು ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಅಚ್ಚಾದ ೧೦೫೪ರ ಶಾಸನವು ಇವರ ಪ್ರಶಸ್ತಿಯನ್ನು ದೀರ್ಘವಾಗಿ ಬಣ್ಣಿಸುತ್ತದೆ. ಅವರು ವೀರಬಣಂಜುಧರ್ಮವನ್ನು ಪಾಲಿಸುವವರು, ಪಂಚಶತವೀರಶಾಸನವುಳ್ಳವರು, ಚೇರ ಚೋಳ ಪಾಂಡ್ಯ ಮಗಧ ನೇಪಾಳಾದಿ ದೇಶಗಳಿಗೆ ಜಲಮಾರ್ಗ ಸ್ಥಲಮಾರ್ಗಗಳಿಂದ ಸಂಚರಿಸಿ ಆನೆ, ಕುದುರೆ, ರತ್ನ, ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕಸ್ತೂರಿಗಳ ವ್ಯಾಪಾರ ಮಾಡುವವರು. ಸುಮಾತ್ರದ ಬಾರುಸಿನಲ್ಲಿ ೧೦೮೮ರ ತಮಿಳು ಶಾಸನವೊಂದು ಇದೇ ಐನೂರ್ವರ ಹೆಸರನ್ನು ಹೇಳುವುದರಿಂದ ಈ ಪ್ರಶಸ್ತಿಯನ್ನು ಕೇವಲ ಕವಿಕಲ್ಪನೆಯೆನ್ನಲಾಗದು.

ಆದರೆ ಈ ಶಾಸನಗಳಲ್ಲಿ ನಾವು ಏನನ್ನು ಕಾಣುವುದಿಲ್ಲವೆಂಬುದನ್ನೂ ನೋಡಬೇಕು. ಐನೂರ್ವರು ಒಂದು ಬಂಡವಾಳವನ್ನು ಕೂಡಿಸಿದರೆಂದಾಗಲಿ, ಅದರ ಪಾಲುಗಳನ್ನು ಹಂಚಿಕೊಂಡರೆಂದಾಗಲಿ, ವರ್ಷಾಂತ್ಯದಲ್ಲಿ ಲಾಭವನ್ನು ವಿಭಾಗಿಸಿದರೆಂದಾಗಲಿ ಈ ಪ್ರಶಸ್ತಿಗಳು ಹೇಳುವುದಿಲ್ಲ. ಅವರು ಕೂಡಿ ಮಾಡುವ ಕಾರ್ಯವೆಂದು ಅಲ್ಲಿ ಮತ್ತೆ ಮತ್ತೆ ಕಾಣುವುದು ಬೇರೊಂದು. ಸಭೆ ಸೇರಿ, ಹೇರಿಗಿಷ್ಟು, ಅಡಕೆಗಿಷ್ಟು, ಮೆಣಸಿಗಿಷ್ಟು ಎಂದು ತಮ್ಮ ತಮ್ಮ ಸರಕಿನ ಮೇಲೆ ತಾವೇ ಆಯವನ್ನು ಕಟ್ಟಿಕೊಂಡು ದೇವಾಲಯಕ್ಕೋ ಬಸದಿಗೋ ಬಿಡುವುದೇ ಅದು. ೧೨೦೪ರ ಬೆಳಗಾವಿಯ ಶಾಸನದಲ್ಲಿ ರಟ್ಟ ನಾಲ್ವಡಿ ಕಾರ್ತವೀರ್ಯನ ಕಾಲದ ವರ್ತಕರು ಹೀಗೆ ರಟ್ಟಜಿನಾಲಯಕ್ಕೆ ಆಯಗಳನ್ನು ಬಿಟ್ಟರು. ಆ ಸಭೆಯಲ್ಲಿ ಮುಮ್ಮುರಿದಂಡರೂ, ಲಾಳದೇಶದ ಮತ್ತು ಮಲೆಯಾಳದ ವ್ಯಾಪಾರಿಗಳೂ ಕೂಡಿದ್ದರು. ಬೇರೆ ಬೇರೆ ನಾಡುನುಡಿಗಳ ಜನರು ಒಂದು ಕಟ್ಟಿಗೆ ಒಳಗಾದ ಈ ಸಂದರ್ಭವು, ಇಂತಹ ಸಂಘಗಳು ಒಂದು ಜಾತಿಯ ಕೂಟಗಳೆಂಬ ಎರಡನೆಯ ಪಕ್ಷವನ್ನು ಖಂಡಿಸುವುದಕ್ಕೆ ಸಾಕು. ಆದರೆ ಮೊದಲನೆಯ ಪಕ್ಷಕ್ಕೂ ಇದರಿಂದ ಬಲ ಬರುವುದಿಲ್ಲ. ಆಯವನ್ನು ಕೊಡುವವರು ಪ್ರತ್ಯೇಕ ಸೆಟ್ಟಿಗಳು, ಸರಕು ಅವರವರದು, ಲಾಭನಷ್ಟವೂ ಅವರವರದೇ. ಕಟ್ಟು ಮಾತ್ರ ಎಲ್ಲರದು.

ಪಟ್ಟಣಸ್ವಾಮಿ ಎಂಬ ಪದವಿಯೂ ಇಲ್ಲಿ ವಿಚಾರಾರ್ಹವಾದುದು. ಹುಂಚದಲ್ಲಿ ವೀರಸಾಂತರನ ಕಾಲದಲ್ಲಿ, ೧೦೬೨ರಲ್ಲಿ, ಪಟ್ಟಣಸ್ವಾಮಿಯಾಗಿದ್ದ ನೊಕ್ಕಯ್ಯ ಸೆಟ್ಟಿಯು ಬಸದಿಯನ್ನು ಕಟ್ಟಿಸಿದ ಪ್ರಸಿದ್ಧ ವರ್ತಕ. ಇಂತಹವರು ಒಂದು ಕಡೆ ನಕರದ ಮುಖಂಡರು, ಮತ್ತೊಂದು ಕಡೆ ಅರಸನ ಮನ್ನಣೆಗೆ ಪಾತ್ರರಾದವರು. ಸಂಘದ ಕಾರ್ಯಕ್ಕಾಗಿ ಬಂದವರನ್ನು ದಾನಮಾನಗಳಿಂದ ಸತ್ಕರಿಸಿ ಕಳುಹಿಸಬೇಕೆಂದು ಯಾಜ್ಞವಲ್ಕ್ಯನು ರಾಜನಿಗೆ ವಿಧಿಸಿದುದು ಇಂತಹವರ ಮೂಲಕವೇ ನೆರವೇರುತ್ತಿದ್ದಿತು.

೫

ಮೇಲಿನ ವಿಚಾರದಿಂದ ಫಲಿತವಾಗುವುದು ಇಷ್ಟು. ಸಂಭೂಯಸಮುತ್ಥಾನದಲ್ಲಿ ಕೂಡುಬಂಡವಾಳವಿದ್ದಿತು, ಲಾಭನಷ್ಟಗಳ ಹಂಚಿಕೆಯಿದ್ದಿತು, ಆದರೆ ನಿತ್ಯತ್ವವಿರಲಿಲ್ಲ. ಸಮಯದಲ್ಲಿ ನಿತ್ಯತ್ವವಿದ್ದಿತು, ಕಾರ್ಯಚಿಂತಕರೂ ಸಭೆಯೂ ಗಣದ್ರವ್ಯವೂ ಇದ್ದುವು. ಆದರೆ ಲಾಭಕ್ಕಾಗಿ ಕೂಡಿಸಿದ ಬಂಡವಾಳವು ಅದರ ಲಕ್ಷಣವಾಗಿರಲಿಲ್ಲ. ಇಂದಿನ ಕಂಪೆನಿಯು ಈ ಎರಡರ ಲಕ್ಷಣಗಳನ್ನೂ ಒಂದರಲ್ಲಿ ಸೇರಿಸಿ, ಅದಕ್ಕೆ ಪರಿಮಿತ ಹೊಣೆ ಎಂಬ ಮೂರನೆಯದನ್ನು ಕೂಡಿಸಿದೆ. ಈ ಮೂರನೆಯದು ಬಂದುದು ನಮ್ಮ ಸ್ಮೃತಿಗಳಿಂದಲ್ಲ, ಆಂಗ್ಲರ ಕಾನೂನಿನಿಂದ. ಇಂಡಿಯಾದಲ್ಲಿ ಕಂಪೆನಿಗಳನ್ನು ನೋಂದಾಯಿಸುವ ಮೊದಲನೆಯ ಕಾಯಿದೆಯು ೧೮೫೦ರಲ್ಲಿ ಹುಟ್ಟಿದಾಗಲೂ ಪರಿಮಿತ ಹೊಣೆಯಿರಲಿಲ್ಲ. ೧೮೫೭ರಲ್ಲಿ ಅದು ಬಂದಿತು. ಬ್ಯಾಂಕುಗಳಿಗೆ ೧೮೬೦ರಲ್ಲಿ ದೊರೆಯಿತು. ಸಣ್ಣ ವ್ಯಾಪಾರಿಗಳಿಗೆ ಉಪಯುಕ್ತವಾದ ಖಾಸಗಿ ಕಂಪೆನಿಯನ್ನು ೧೯೧೩ರ ಕಾಯಿದೆಯು ಅಂಗೀಕರಿಸಿ, ಅದರ ಸದಸ್ಯರು ಇಬ್ಬರಿಗೆ ಕಡಮೆಯಿಲ್ಲದೆ ಐವತ್ತಕ್ಕೆ ಮೀರದೆ ಇರಬೇಕೆಂದು ವಿಧಿಸಿತು. ೨೦೧೩ರ ಕಾಯಿದೆಯು ಆ ಮೇಲುಮಿತಿಯನ್ನು ಇನ್ನೂರಕ್ಕೆ ಏರಿಸಿದುದಲ್ಲದೆ, ಒಬ್ಬನೇ ಸದಸ್ಯನುಳ್ಳ ಕಂಪೆನಿಗೂ ಎಡೆಗೊಟ್ಟಿತು. ಸಮೂಹವಿಲ್ಲದ ಸಮಯವನ್ನು ನಮ್ಮ ಸ್ಮೃತಿಕಾರರು ಊಹಿಸಲಾರದೆ ಹೋಗುತ್ತಿದ್ದರು.

ರಾಜ್ಯದ ಸ್ಥಾನವೂ ಬದಲಾಗಿದೆ. ಹಿಂದೆ ಸಂಘವು ತನ್ನ ಸಂವಿತ್ತಿನಿಂದಲೇ ಹುಟ್ಟುತ್ತಿದ್ದಿತು. ರಾಜನು ಅದನ್ನು ಕಾಯುವವನು ಮಾತ್ರ. ಇಂದು ರಿಜಿಸ್ಟ್ರಾರನ ಪುಸ್ತಕದಲ್ಲಿ ಹೆಸರು ಬೀಳುವವರೆಗೆ ಕಂಪೆನಿಯು ಹುಟ್ಟಿದಂತೆಯೇ ಅಲ್ಲ. ವರ್ಷವರ್ಷವೂ ಲೆಕ್ಕಪತ್ರಗಳನ್ನು ಸಲ್ಲಿಸದಿದ್ದರೆ ಆ ಹೆಸರು ಅಳಿಸಿಹೋಗಲೂಬಹುದು. ಹೀಗೆ ಹುಟ್ಟನ್ನೂ ಅಳಿವನ್ನೂ ರಾಜ್ಯವು ತನ್ನ ಕೈಗೆ ತೆಗೆದುಕೊಂಡುದು ನಷ್ಟವೇ ಎಂದು ಹೇಳಲಾಗದು. ಅಪರಿಚಿತನು ಕಂಪೆನಿಯೊಡನೆ ವ್ಯವಹರಿಸುವಾಗ ಅವನಿಗೆ ಆಧಾರವಾಗುವುದು ಆ ಪುಸ್ತಕವೇ. ಹಿಂದಿನ ಸಂಘಗಳಲ್ಲಿ ಆ ಆಧಾರವು ಕಾರ್ಯಚಿಂತಕರ ಶುಚಿತ್ವದಲ್ಲಿದ್ದಿತು.

ಆದರೂ ಹಳೆಯ ಸಮಯಭಾವನೆಯು ನಮ್ಮ ನಾಡಿನಲ್ಲಿ ಪೂರ್ತಿಯಾಗಿ ಅಳಿಯಲಿಲ್ಲವೆಂಬುದಕ್ಕೆ ಒಂದು ನಿದರ್ಶನವನ್ನು ಹೇಳಿ ಮುಗಿಸುವೆನು. ೧೯೦೪ರ ಸಹಕಾರ ಸಂಘಗಳ ಕಾಯಿದೆಯು, ಒಂದು ಊರಿನಲ್ಲಿ ಅಥವಾ ನೆರೆಯ ಊರುಗಳಲ್ಲಿ ವಾಸಿಸುವ ಹತ್ತು ಮಂದಿ, ಅಥವಾ ರಿಜಿಸ್ಟ್ರಾರನ ಒಪ್ಪಿಗೆಯಿಂದ ಒಂದೇ ಪಂಗಡಕ್ಕೆ ಸೇರಿದ ಹತ್ತು ಮಂದಿ, ಕೂಡಿ ಸಂಘವನ್ನು ನೋಂದಾಯಿಸಬಹುದೆಂದಿತು. ಏಕಸ್ಥಾನನಿವಾಸಿಗಳ ಕೂಟವನ್ನು ಪೂಗವೆಂದೂ ಜ್ಞಾತಿಬಂಧುಗಳ ಕೂಟವನ್ನು ಕುಲವೆಂದೂ ವಿಜ್ಞಾನೇಶ್ವರನು ವಿಂಗಡಿಸಿದುದು ಇಲ್ಲಿ ನೆನಪಿಗೆ ಬರುವುದು. ಈ ಕಾಯಿದೆಯ ಮೇರೆಗೆ ನೋಂದಾಯಿತವಾದ ಕೃಷಿಸಾಲದ ಸಂಘವೊಂದು ೧೯೦೫ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ, ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ಸ್ಥಾಪಿತವಾಯಿತು. ಯುವರಾಜ ವಿಕ್ರಮಾದಿತ್ಯನ ಆಚಾರವ್ಯವಸ್ಥೆಯ ಶಾಸನವಿರುವ ಲಕ್ಷ್ಮೇಶ್ವರವೂ ಇದೇ ಜಿಲ್ಲೆಯಲ್ಲಿದೆ. ಇವೆರಡರ ನಡುವೆ ನೇರವಾದ ಪರಂಪರೆಯನ್ನು ಕಲ್ಪಿಸುವುದು ಸಾಹಸವಾದೀತು. ಆದರೆ ಎರಡು ಕಡೆಯೂ ನಿಯಮವು ಕೇಳಿದುದು ಒಂದನ್ನೇ: ಕೂಡಿದವರು ಒಬ್ಬರನ್ನೊಬ್ಬರು ಬಲ್ಲವರಾಗಿರಬೇಕು, ತಮ್ಮ ಕಟ್ಟನ್ನು ತಾವೇ ಮಾಡಿಕೊಂಡು ನಡೆಸಬೇಕು, ಅದನ್ನು ರಾಜ್ಯವು ಬರಹದಿಂದ ಸ್ಥಿರಪಡಿಸಬೇಕು.

ಆದುದರಿಂದ ಶಾಸನಗಳನ್ನೂ ಹಳೆಯ ಕಾವ್ಯಗಳನ್ನೂ ಪಾಠಹೇಳುವವರು ನಕರ, ಸಮಯ, ಬಣಂಜು, ಐನೂರ್ವರು ಎಂಬ ಪದಗಳು ಬಂದೆಡೆಯಲ್ಲಿ ‘ವ್ಯಾಪಾರಿಗಳ ಕಂಪೆನಿ’ ಎಂದು ಸುಲಭವಾಗಿ ಅರ್ಥಹೇಳದೆ, ಅಲ್ಲಿರುವುದು ಬಂಡವಾಳದ ಕೂಟವೋ ಕಟ್ಟಿನ ಕೂಟವೋ ಎಂದು ಸಂದರ್ಭದಿಂದ ನಿರ್ಣಯಿಸುವುದು ಯುಕ್ತವೆಂದು ತೋರುತ್ತದೆ.